ಜಾಡು ಬಿಟ್ಟು ನಿಂತ ಹಡಗು

ಉಪಗ್ರಹ ರೇಡಾರ್ ತೆಗೆದ ಸಮುದ್ರದ ಚಿತ್ರವನ್ನು ಮೊದಲ ಸಲ ನೋಡಿದವರು ಒಂದು ಕಡೆ ಗಲಿಬಿಲಿಗೊಳ್ಳುತ್ತಾರೆ. ಬೂದು ಬಣ್ಣದ ನೀರಿನ ಮೇಲೆ ಹಡಗು ಸೀಳಿಕೊಂಡು ಹೋದ ಜಾಡು ಕಿಲೋಮೀಟರುಗಟ್ಟಲೆ ಗೆರೆ ಎಳೆದಂತೆ ಕಾಣುತ್ತದೆ. ಗೆರೆ ಮುಗಿದಲ್ಲಿ ಹಡಗು ಇರಬೇಕು. ಅಲ್ಲಿ ಬರೀ ನೀರು. ಹಡಗು ಮಾತ್ರ ಅಲ್ಲಿಂದ ಮುನ್ನೂರು ನಾನೂರು ಮೀಟರ್ ಆಚೆ, ಕದಡದ ನೀರಿನ ಮೇಲೆ, ಯಾರೋ ಎತ್ತಿ ಇಟ್ಟ ಹಾಗೆ ಬಿಳಿ ಚುಕ್ಕೆಯಾಗಿ ಹೊಳೆಯುತ್ತಿರುತ್ತದೆ. ಇದೇ ರೇಡಾರ್ ನೆಲದ ಮೇಲೆ ಓಡುವ ರೈಲನ್ನು ಹಳಿಯಿಂದ ಇಳಿಸಿ ಪಕ್ಕದ ಗದ್ದೆಯಲ್ಲಿ ಓಡಿಸಿದಂತೆ ತೋರಿಸಬಲ್ಲದು.

ಉಪಕರಣ ಕೆಟ್ಟಿಲ್ಲ, ಲೆಕ್ಕವೂ ತಪ್ಪಿಲ್ಲ. ನಿಂತ ವಸ್ತುಗಳಿಗಾಗಿ ಹುಟ್ಟಿದ ವಿಧಾನವನ್ನು ನಡೆಯುವ ವಸ್ತುವಿನ ಮೇಲೆ ಪ್ರಯೋಗಿಸಿದರೆ ಹೀಗಾಗುತ್ತದೆ. ಆ ಹಡಗು ನಿಜಕ್ಕೂ ಎಲ್ಲಿದೆ, ಎಂಥದ್ದು, ಯಾರದು? ಈ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಎಂಜಿನಿಯರುಗಳೂ ಸಮುದ್ರ ವಿಜ್ಞಾನಿಗಳೂ ಐವತ್ತು ವರ್ಷಗಳಿಂದ ಬೇರೆ ಬೇರೆ ದಾರಿ ಹಿಡಿದಿದ್ದಾರೆ. ಒಬ್ಬರು ತೊಡಕು ಎಂದದ್ದನ್ನು ಇನ್ನೊಬ್ಬರು ವರ ಎಂದಿದ್ದಾರೆ.

ಚಿಕ್ಕ ಆಂಟೆನಾ, ದೊಡ್ಡ ಕಣ್ಣು

ರೇಡಾರಿಗೆ ದೂರ ಅಳೆಯುವುದು ಸುಲಭ, ಬದಿ ಅಳೆಯುವುದು ಕಷ್ಟ. ಪ್ರತಿಧ್ವನಿ ಎಷ್ಟು ಹೊತ್ತಿಗೆ ಮರಳಿತು ಎಂಬುದರಿಂದ ದೂರ ತಿಳಿಯುತ್ತದೆ. ಆದರೆ ಕಿರಣ ದೂರ ಹೋದಷ್ಟೂ ಅಗಲವಾಗುತ್ತದೆ. ಯುರೋಪಿನ ಸೆಂಟಿನೆಲ್-1 ಉಪಗ್ರಹದ ಆಂಟೆನಾ ಸುಮಾರು 12 ಮೀಟರ್ ಉದ್ದ, ಅಲೆಯುದ್ದ ಐದೂವರೆ ಸೆಂಟಿಮೀಟರ್. ಕಿರಣ ಸುಮಾರು 850 ಕಿ.ಮೀ. ಓರೆಯಾಗಿ ಸಾಗಿ ಸಮುದ್ರ ಮುಟ್ಟುವ ಹೊತ್ತಿಗೆ ಹತ್ತಿರ ಹತ್ತಿರ 4 ಕಿ.ಮೀ. ಅಗಲವಾಗಿರುತ್ತದೆ. ಇಡೀ ಬಂದರು ಅದರೊಳಗೆ ಮುಳುಗಿಹೋಗುತ್ತದೆ.

ಇದಕ್ಕೆ ದಾರಿ ತೋರಿಸಿದವರು ಅಮೆರಿಕದ ಗುಡ್‌ಇಯರ್ ಏರ್‌ಕ್ರಾಫ್ಟ್ ಕಂಪನಿಯ ಕಾರ್ಲ್ ವೈಲಿ. 1951ರಲ್ಲಿ ಅವರಿಗೆ ಹೊಳೆದದ್ದು ಇದು: ವಿಮಾನ ಮುಂದೆ ಸಾಗುತ್ತಿರುವಾಗ ಎದುರಿಗಿರುವ ವಸ್ತುವಿನ ಪ್ರತಿಧ್ವನಿಯ ಕಂಪನಾಂಕ ಕೊಂಚ ಏರಿರುತ್ತದೆ, ಹಿಂದೆ ಬಿದ್ದ ವಸ್ತುವಿನದು ಇಳಿದಿರುತ್ತದೆ. ನಿಲ್ದಾಣಕ್ಕೆ ಬರುವ ರೈಲಿನ ಸಿಳ್ಳೆ ಏರುದನಿಯಲ್ಲಿದ್ದು, ದಾಟಿದ ಮೇಲೆ ಇಳಿದನಿಯಾಗುವ ಹಾಗೆ. ಈ ಏರಿಳಿತವೇ ಡಾಪ್ಲರ್ ಪರಿಣಾಮ. ಅದನ್ನು ಸೂಕ್ಷ್ಮವಾಗಿ ವಿಂಗಡಿಸಿದರೆ ಒಂದೇ ಕಿರಣದೊಳಗಿನ ವಸ್ತುಗಳನ್ನು ಬಿಡಿಬಿಡಿಯಾಗಿ ಕಾಣಬಹುದು. ಚಿಕ್ಕ ಆಂಟೆನಾ ತಾನು ಸಾಗಿದ ದಾರಿಯುದ್ದಕ್ಕೂ ಪ್ರತಿಧ್ವನಿಗಳನ್ನು ಕೂಡಿಟ್ಟುಕೊಂಡು ದೊಡ್ಡ ಆಂಟೆನಾದ ಕೆಲಸ ಮಾಡುತ್ತದೆ. ಸಿಂಥೆಟಿಕ್ ಅಪರ್ಚರ್ ರೇಡಾರ್, ಅಂದರೆ ಎಸ್‌ಎಆರ್, ಹುಟ್ಟಿದ್ದು ಹೀಗೆ.

ಒಂದು ನಂಬಿಕೆ ಮಾತ್ರ ಇದರ ಬುಡದಲ್ಲಿದೆ. ಕದಲುತ್ತಿರುವುದು ರೇಡಾರ್, ನೆಲ ಅಲ್ಲ.

ಹಡಗು ಆ ನಂಬಿಕೆಯನ್ನು ಮುರಿಯುತ್ತದೆ. ರೇಡಾರಿನತ್ತ ಬರುವ ಹಡಗಿನ ಪ್ರತಿಧ್ವನಿಗೆ ತನ್ನದೇ ಒಂದಿಷ್ಟು ಏರುದನಿ ಸೇರಿಕೊಳ್ಳುತ್ತದೆ. ಅದು ಇನ್ನೂ ಮುಂದಿರುವ ನಿಂತ ವಸ್ತುವೆಂದು ಲೆಕ್ಕ ತಿಳಿಯುತ್ತದೆ, ಹಡಗನ್ನು ಉಪಗ್ರಹ ಹೋಗುವ ದಿಕ್ಕಿಗೆ ಮುಂದೆ ಕೂರಿಸುತ್ತದೆ. ದೂರ ಸರಿಯುವ ಹಡಗು ಹಿಂದಕ್ಕೆ ಬೀಳುತ್ತದೆ. ಎಷ್ಟು ಸರಿಯುತ್ತದೆ ಎಂಬುದು ಶಾಲೆಯ ಗಣಿತ: ರೇಡಾರಿಗೂ ಹಡಗಿಗೂ ಇರುವ ದೂರವನ್ನು ಉಪಗ್ರಹದ ವೇಗದಿಂದ ಭಾಗಿಸಿ, ಹಡಗು ರೇಡಾರಿನತ್ತ ಬರುವ ವೇಗದಿಂದ ಗುಣಿಸಬೇಕು. 850 ಕಿ.ಮೀ. ದೂರ, ಸೆಕೆಂಡಿಗೆ ಏಳೂವರೆ ಕಿ.ಮೀ. ವೇಗ ಎಂದರೆ ಸುಮಾರು 113. ಹತ್ತು ನಾಟ್ ವೇಗದಲ್ಲಿ ನೇರ ಉಪಗ್ರಹದ ಬದಿಗೆ ಬರುವ ಹಡಗಿನ ವೇಗದಲ್ಲಿ ಓರೆ ದಿಕ್ಕಿನ ಪಾಲು ಸೆಕೆಂಡಿಗೆ 3 ಮೀಟರ್ ದಾಟುತ್ತದೆ. ಗುಣಿಸಿದರೆ ಸುಮಾರು 350 ಮೀಟರ್. ಜಾಡು ಸರಿಯುವುದಿಲ್ಲ, ಏಕೆಂದರೆ ಕದಡಿದ ನೀರು ಅಲ್ಲೇ ಇರುತ್ತದೆ. ಹಡಗು ತನ್ನ ಹೆಜ್ಜೆಗುರುತನ್ನೇ ಬಿಟ್ಟು ನಿಲ್ಲುವ ಗುಟ್ಟು ಇದು.

ಈ ಗಣಿತವನ್ನು ಆರ್. ಕೀತ್ ರೇನಿ 1971ರ ಪ್ರಬಂಧವೊಂದರಲ್ಲಿ ಕ್ರಮವಾಗಿ ಬಿಡಿಸಿಟ್ಟರು. ಏಳು ವರ್ಷಗಳ ನಂತರ, 1978ರ ಜೂನ್‌ನಲ್ಲಿ, ನಾಸಾದ ಸೀಸ್ಯಾಟ್ ಮೇಲೇರಿತು. ನಾಗರಿಕ ಬಳಕೆಗೆ ಬಾಹ್ಯಾಕಾಶದಿಂದ ಎಸ್‌ಎಆರ್ ಚಿತ್ರ ತೆಗೆದ ಮೊದಲ ಉಪಗ್ರಹ ಅದು. ವಿದ್ಯುತ್ ವ್ಯವಸ್ಥೆ ಕೈಕೊಟ್ಟು ಅಕ್ಟೋಬರಿನಲ್ಲಿ ಅದು ಮೌನವಾಯಿತು, ನೂರು ಚಿಲ್ಲರೆ ದಿನಗಳಷ್ಟೇ ಬದುಕು. ಅಷ್ಟರಲ್ಲೇ ಅದು ಕಳಿಸಿದ ಚಿತ್ರಗಳಲ್ಲಿ ಹಡಗುಗಳೂ ಜಾಡುಗಳೂ ಬಿದ್ದಿದ್ದವು. ಮುಂದಿನ ಎಲ್ಲ ವಾದಗಳಿಗೆ ಬೀಜ ಅಲ್ಲಿ ಬಿತ್ತು.

ಚಲನೆಯನ್ನು ಕಳೆಯಬೇಕೆಂದವರು

ಮೊದಲ ಪಂಥದ ನಿಲುವು ನೇರ. ಚಲನೆ ಒಂದು ದೋಷ, ಅಳೆದು ತೆಗೆದುಹಾಕಿದರೆ ಹಡಗು ತನ್ನ ಜಾಗಕ್ಕೆ ಬಂದು ಕೂರುತ್ತದೆ. ಜಾಗ ತಪ್ಪುವುದಷ್ಟೇ ಅಲ್ಲ, ಮಸುಕಾಗುವುದೂ ಒಂದು ತೊಂದರೆ. ಹಡಗು ಉಪಗ್ರಹದ ಹಾದಿಗೆ ಸಮಾಂತರವಾಗಿ ಚಲಿಸಿದರೆ, ಅಥವಾ ಅಲೆಯ ಮೇಲೆ ಏರಿಳಿದರೆ, ಚಿತ್ರ ಉದ್ದುದ್ದ ಹಿಂಜಿಹೋಗುತ್ತದೆ. ಕ್ಷಣಾರ್ಧದಲ್ಲಿ ನೋಡಿ ಮುಗಿಸುವ ರೇಡಾರಿಗೆ ಇದರ ಬಾಧೆ ಕಡಿಮೆ. ಒಂದೇ ಜಾಗವನ್ನು ಹಲವು ಸೆಕೆಂಡು ದಿಟ್ಟಿಸಿ ಹೆಚ್ಚು ವಿವರ ಪಡೆಯಲು ಹೊರಟ ರೇಡಾರಿಗೆ ಹೆಚ್ಚು. ವಿವರ ಬೇಕೆಂದಷ್ಟೂ ಹೆಚ್ಚು ಹೊತ್ತು ನೋಡಬೇಕು, ಹೆಚ್ಚು ಹೊತ್ತು ನೋಡಿದಷ್ಟೂ ಹಡಗು ಕದಲುತ್ತದೆ.

ಮಸುಕು ತೆಗೆಯಲು ಆಟೋಫೋಕಸ್ ಎಂಬ ಗಣಿತದ ಉಪಾಯಗಳಿವೆ. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದವರು 1980ರ ದಶಕದ ಕೊನೆಗೆ ರೂಪಿಸಿದ ಫೇಸ್ ಗ್ರೇಡಿಯಂಟ್ ವಿಧಾನ ಇವುಗಳಲ್ಲಿ ಹೆಸರುವಾಸಿ. ಆದರೆ ಅದು ಇಡೀ ಚಿತ್ರಕ್ಕೆ ಒಂದೇ ಬಗೆಯ ದೋಷ ಇದೆಯೆಂದು ಹಿಡಿಯುತ್ತದೆ. ಓಲಾಡುವ ಹಡಗಿನ ಕೂವೆ ಮರದ ತುದಿ ಒಂದು ವೇಗದಲ್ಲಿ ಬೀಸುತ್ತಿರುತ್ತದೆ, ಅಡಿಭಾಗ ಹೆಚ್ಚುಕಡಿಮೆ ನಿಂತೇ ಇರುತ್ತದೆ. ಒಂದಕ್ಕೆ ಸರಿಹೋದ ತಿದ್ದುಪಡಿ ಇನ್ನೊಂದನ್ನು ಕೆಡಿಸುತ್ತದೆ.

ವೇಗ ಅಳೆಯಲು ಇನ್ನೊಂದು ಹಾದಿ ಎರಡು ಆಂಟೆನಾ. ಒಂದರ ಹಿಂದೆ ಒಂದು ಸಾಗುವ ಎರಡು ಕಣ್ಣುಗಳು ಒಂದೇ ಜಾಗವನ್ನು ಕಿಂಚಿತ್ ಕಾಲದ ಅಂತರದಲ್ಲಿ ನೋಡಿದರೆ, ಆ ಅಂತರದಲ್ಲಿ ಕದಲಿದ್ದೆಲ್ಲ ಬಯಲಾಗುತ್ತದೆ. ಗೋಲ್ಡ್‌ಸ್ಟೀನ್ ಮತ್ತು ಜೆಬ್ಕರ್ 1987ರಲ್ಲಿ ಈ ವಿಧಾನದಿಂದ ಸಮುದ್ರದ ಪ್ರವಾಹವನ್ನೇ ಅಳೆದು ತೋರಿಸಿದರು. ಕೆನಡಾದ ರಾಡಾರ್‌ಸ್ಯಾಟ್-2 ಮತ್ತು ಜರ್ಮನಿಯ ಟೆರಾಸಾರ್-ಎಕ್ಸ್, ಎರಡೂ 2007ರಲ್ಲಿ ಹಾರಿದವು, ಇದನ್ನು ಬಾಹ್ಯಾಕಾಶದಿಂದ ಪ್ರಯೋಗಿಸಿದವು. ಹಡಗು ಎಲ್ಲಿದೆ, ಎಷ್ಟು ವೇಗ ಎಂಬುದಕ್ಕೆ ಈ ಪಂಥದ ಉತ್ತರ ಗಟ್ಟಿ. ಎಂಥ ಹಡಗು ಎಂಬಲ್ಲಿ ಅದು ತಡವರಿಸುತ್ತದೆ.

ಓಲಾಟವೇ ಚಿತ್ರ ಬರೆಯುತ್ತದೆ ಎಂದವರು

ಎರಡನೆಯ ಪಂಥ ಪ್ರಶ್ನೆಯನ್ನೇ ತಿರುಗಿಸಿತು. ರೇಡಾರ್ ಚಲಿಸಿದರೂ ವಸ್ತು ಚಲಿಸಿದರೂ ಗಣಿತಕ್ಕೆ ಒಂದೇ. ಹಾಗಿದ್ದರೆ ವಸ್ತುವಿನ ಚಲನೆಯಿಂದಲೇ ಚಿತ್ರ ಏಕೆ ತೆಗೆಯಬಾರದು? 1960ರ ದಶಕದಲ್ಲಿ ಭೂಮಿಯ ಮೇಲೆ ನಿಂತ ರೇಡಾರ್‌ಗಳು ಮೋಡ ಮುಸುಕಿದ ಶುಕ್ರ ಗ್ರಹವನ್ನು ನೋಡಿದ್ದು ಹೀಗೆಯೇ, ಗ್ರಹ ತನ್ನಷ್ಟಕ್ಕೆ ತಿರುಗುವುದನ್ನು ಬಳಸಿಕೊಂಡು. ಇದೇ ತತ್ವ ಸಮುದ್ರಕ್ಕಿಳಿದಾಗ ಇನ್ವರ್ಸ್ ಎಸ್‌ಎಆರ್, ಚಿಕ್ಕದಾಗಿ ಐಎಸ್‌ಎಆರ್ ಎನಿಸಿತು. ಅಮೆರಿಕದ ನೌಕಾ ಸಂಶೋಧನಾ ಪ್ರಯೋಗಾಲಯ ಇದರ ಮೇಲೆ ದುಡಿಯಿತು. ಪಿ-3 ಓರಿಯನ್ ಗಸ್ತು ವಿಮಾನಗಳಲ್ಲಿ ಕೂತ ಎಪಿಎಸ್-137 ರೇಡಾರ್ ಇದನ್ನು ದಿನಬಳಕೆಗೆ ತಂದಿತು.

ಸಮುದ್ರದಲ್ಲಿ ಹಡಗು ಮೂರು ಬಗೆಯಲ್ಲಿ ಆಡುತ್ತದೆ. ಎಡಬಲಕ್ಕೆ ಓಲಾಡುತ್ತದೆ, ಮೂತಿ ಏಳುತ್ತ ಮುಳುಗುತ್ತ ತೂಗುತ್ತದೆ, ಮೂತಿಯನ್ನು ಅತ್ತಿತ್ತ ಹೊರಳಿಸುತ್ತದೆ. ಓಲಾಡಿದಾಗಲೂ ತೂಗಿದಾಗಲೂ ಎತ್ತರದಲ್ಲಿರುವ ಭಾಗಗಳು ಹೆಚ್ಚು ವೇಗ ಪಡೆಯುತ್ತವೆ, ಆದ್ದರಿಂದ ಡಾಪ್ಲರ್ ಎತ್ತರವನ್ನು ಬರೆಯುತ್ತದೆ: ಪಕ್ಕದಿಂದ ನೋಡಿದಂಥ ನೆರಳುಚಿತ್ರ, ಕೂವೆ ಮರ, ಚಿಮಣಿ, ಚಾಲನಾ ಕೋಣೆ, ಕ್ರೇನುಗಳ ಸಾಲು. ಮೂತಿ ಹೊರಳಿದಾಗ ಮೇಲಿನಿಂದ ನೋಡಿದಂಥ ನಕ್ಷೆ ಬರುತ್ತದೆ. 3 ಸೆಂಟಿಮೀಟರ್ ಅಲೆಯುದ್ದದ ರೇಡಾರಿಗೆ ಹಡಗು 3 ಡಿಗ್ರಿಯಷ್ಟು ತಿರುಗಿದರೆ ಸಾಕು, ಸುಮಾರು 30 ಸೆಂಟಿಮೀಟರ್ ವಿವರ ಸಿಗುತ್ತದೆ. ಒಂದು ಸಾಧಾರಣ ಅಲೆ ಕೊಡುವ ಓಲಾಟ ಅಷ್ಟೇ. ಹತ್ತಾರು ಕಿಲೋಮೀಟರ್ ದೂರದಲ್ಲಿ, ಮೋಡದ ಕೆಳಗೆ, ಅಮಾವಾಸ್ಯೆಯ ರಾತ್ರಿಯಲ್ಲಿ ಹಡಗಿನ ಕೂವೆ ಮರಗಳನ್ನು ಎಣಿಸಲು ಸಾಧ್ಯವಾಯಿತು ಎಂಬುದು ಈ ಕ್ಷೇತ್ರದ ದೊಡ್ಡ ಸಾಧನೆ.

ಪರದೆಯ ಮುಂದೆ ಕೂತವರ ಕಷ್ಟ ಬೇರೆ. ಹಡಗು ಒಂದು ಬದಿಗೆ ಓಲಿದಾಗ ಕೂವೆ ಮರ ಮೇಲೆದ್ದು ನಿಲ್ಲುತ್ತದೆ. ಓಲಾಟದ ತುದಿಯಲ್ಲಿ ಹಡಗು ಕ್ಷಣ ನಿಂತಾಗ ಇಡೀ ಚಿತ್ರ ಕುಸಿದು ಒಂದೇ ಗೆರೆಯಾಗುತ್ತದೆ. ವಾಪಸ್ ಓಲಿದಾಗ ಅದೇ ಕೂವೆ ಮರ ತಲೆಕೆಳಗಾಗಿ ನೇತಾಡುತ್ತದೆ, ಏಕೆಂದರೆ ಡಾಪ್ಲರಿನ ಏರು ಇಳಿವಾಗಿದೆ. ಕೆಲವೇ ಸೆಕೆಂಡುಗಳಿಗೊಮ್ಮೆ ಇದು ಮರುಕಳಿಸುತ್ತದೆ. ಸ್ಪಷ್ಟವಾದ ಕ್ಷಣವನ್ನು ಆಯ್ದು ಹಿಡಿಯುವುದೇ ಕಸುಬು. ಸಮುದ್ರ ಕನ್ನಡಿಯಂತೆ ಶಾಂತವಾಗಿದ್ದರೆ ಚಿತ್ರವೇ ಮೂಡದು.

ಇನ್ನೊಂದು ಕೊರತೆ ಆಳದ್ದು. ಚಿತ್ರದ ಒಂದು ಅಳತೆ ಮೀಟರಿನಲ್ಲಿದ್ದರೆ ಇನ್ನೊಂದು ಕಂಪನಾಂಕದಲ್ಲಿರುತ್ತದೆ. ಹಡಗು ಯಾವ ಅಕ್ಷದ ಸುತ್ತ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಗೊತ್ತಿಲ್ಲದೆ ಅದನ್ನು ಮೀಟರಿಗೆ ಇಳಿಸಲಾಗದು. ವಿಕ್ಟರ್ ಚೆನ್ ಮೊದಲಾದವರು ಕಾಲ ಮತ್ತು ಕಂಪನಾಂಕಗಳನ್ನು ಒಟ್ಟಿಗೆ ಬಿಡಿಸುವ ಗಣಿತದಿಂದ ಇದನ್ನು ಎದುರಿಸಿದರು. ಇಟಲಿಯ ಪೀಸಾದಲ್ಲಿ ಮಾರ್ಕೊ ಮಾರ್ಟೊರೆಲ್ಲಾ ಮತ್ತು ಸಂಗಡಿಗರು ಹಲವು ಆಂಟೆನಾಗಳಿಂದ ಮೂರು ಆಯಾಮದ ಚಿತ್ರ ಕಟ್ಟುವ ಕೆಲಸ ಮುಂದುವರಿಸಿದರು. ಎರಡು ಪಂಥಗಳ ನಡುವಿನ ಗೋಡೆಯೂ ಈಗ ತೆಳುವಾಗಿದೆ. ಉಪಗ್ರಹದ ಮಸುಕು ಚಿತ್ರದಿಂದ ಹಡಗಿನ ತುಣುಕನ್ನಷ್ಟೇ ಕತ್ತರಿಸಿ, ಅದಕ್ಕೆ ಐಎಸ್‌ಎಆರ್ ಲೆಕ್ಕ ಹಾಕಿ ಚೂಪುಗೊಳಿಸುವುದು ರೂಢಿಗೆ ಬಂದಿದೆ. ದಾರಿಗಳಲ್ಲಿ ಹೆಚ್ಚು ಫಲವತ್ತಾದದ್ದು ಈ ಬೆರಕೆಯೇ ಎನ್ನಬೇಕು.

ಹಡಗನ್ನು ಬಿಟ್ಟು ನೀರನ್ನು ಓದಿದವರು

ಸೀಸ್ಯಾಟ್ ಚಿತ್ರಗಳಲ್ಲಿ ಸಮುದ್ರ ವಿಜ್ಞಾನಿಗಳ ಕಣ್ಣು ಹೋದದ್ದು ಹಡಗಿನ ಮೇಲಲ್ಲ, ಜಾಡಿನ ಮೇಲೆ. ಲಾರ್ಡ್ ಕೆಲ್ವಿನ್ 1887ರಲ್ಲಿ ತೋರಿಸಿದಂತೆ ಆಳ ನೀರಿನಲ್ಲಿ ಹಡಗು ಎಬ್ಬಿಸುವ ಅಲೆಗಳು ಎರಡೂ ಬದಿಗೆ 19.5 ಡಿಗ್ರಿಯೊಳಗೆ ಹರಡುತ್ತವೆ, ಬಾತುಕೋಳಿಯಾದರೂ ಟ್ಯಾಂಕರ್ ಆದರೂ. ಆದರೆ ರೇಡಾರ್ ಚಿತ್ರಗಳಲ್ಲಿ ಅದಕ್ಕಿಂತ ತೀರಾ ಕಿರಿದಾದ, ಉದ್ದನೆಯ, ಹೊಳೆಯುವ ಜಾಡುಗಳೂ ಇದ್ದವು. ಕೆಲವರು ಹಡಗಿನ ಹಿಂದಿನ ಕದಡಿದ ನೀರನ್ನು ಕಾರಣವೆಂದರು, ಕೆಲವರು ನೀರಿನ ಪದರಗಳ ನಡುವೆ ಹುಟ್ಟುವ ಒಳ ಅಲೆಗಳನ್ನು. ವಾಲ್ಟರ್ ಮಂಕ್ ಮತ್ತು ಜೊತೆಗಾರರು 1987ರಲ್ಲಿ ಇಂಥ ಜಾಡುಗಳನ್ನು ವಿವರವಾಗಿ ಚರ್ಚಿಸಿದರು. 2013ರಲ್ಲಿ ರಬೋ ಮತ್ತು ಮೊಯ್ಸಿ ಎಂಬ ಫ್ರೆಂಚ್ ಭೌತವಿಜ್ಞಾನಿಗಳು ವೇಗದ ದೋಣಿಗಳ ಜಾಡಿನ ಕೋನ ಕೆಲ್ವಿನ್ ಕೋನಕ್ಕಿಂತ ಕಿರಿದಾಗುತ್ತ ಹೋಗುತ್ತದೆ ಎಂದು ತೋರಿಸಿ ಹಳೆಯ ಚರ್ಚೆಗೆ ಮತ್ತೆ ಜೀವ ಕೊಟ್ಟರು.

ಜಾಡಿನ ಓದಿನಿಂದ ಹಡಗಿನ ದಿಕ್ಕು ಸಿಗುತ್ತದೆ. ಹಡಗು ಜಾಡಿನಿಂದ ಎಷ್ಟು ಸರಿದಿದೆ ಎಂದು ಅಳೆದರೆ ವೇಗವೂ ಸಿಗುತ್ತದೆ. ಮೊದಲ ಪಂಥದವರು ದೋಷವೆಂದು ಕಳೆಯಲು ಹೊರಟದ್ದು ಇಲ್ಲಿ ಅಳತೆಕೋಲಾಯಿತು. ಗಾಳಿ ಜೋರಾದರೆ ಮಾತ್ರ ಜಾಡು ಅಳಿಸಿಹೋಗುತ್ತದೆ, ಅಂದಿಗೆ ಈ ವಿಧಾನವೂ ಕುರುಡು.

ಚುಕ್ಕೆಗಳನ್ನು ಎಣಿಸುವವರು

ನಾಲ್ಕನೆಯ ಗುಂಪಿಗೆ ಒಂದೊಂದು ಹಡಗಿನ ಮುಖ ಬೇಕಿಲ್ಲ, ಇಡೀ ಸಮುದ್ರದ ಲೆಕ್ಕ ಬೇಕು. ಅವರ ಮೊದಲ ಶತ್ರು ಅಲೆ. ಸಮುದ್ರದ ಮೇಲ್ಮೈ ತಾನೇ ಮಿಣುಕುತ್ತದೆ, ಆ ಮಿಣುಕಿನ ನಡುವೆ ದೋಣಿಯ ಮಿಣುಕನ್ನು ಆರಿಸಬೇಕು. ಅಲೆಗಳ ಪ್ರತಿಧ್ವನಿ ಯಾವ ಅಂಕಿಅಂಶದ ನಿಯಮಕ್ಕೆ ಒಳಪಡುತ್ತದೆ ಎಂಬುದಕ್ಕೆ ಜೇಕ್‌ಮನ್ ಮತ್ತು ಪ್ಯೂಸಿ 1976ರಲ್ಲಿ ಮಂಡಿಸಿದ ಕೆ-ಹಂಚಿಕೆ ಬುನಾದಿಯಾಯಿತು. ಸುತ್ತಲಿನ ನೀರಿಗಿಂತ ಅಸಹಜವಾಗಿ ಹೊಳೆಯುವ ಚುಕ್ಕೆಯನ್ನು ಹಡಗೆಂದು ಗುರುತಿಸುವ ವಿಧಾನಗಳು ಅದರ ಮೇಲೆ ನಿಂತವು. ಈಗ ಆ ಜಾಗಕ್ಕೆ ಯಂತ್ರಕಲಿಕೆ ಬಂದಿದೆ. ಗ್ಲೋಬಲ್ ಫಿಶಿಂಗ್ ವಾಚ್ ಸಂಸ್ಥೆ ಮತ್ತು ಅಮೆರಿಕದ ರಕ್ಷಣಾ ಇಲಾಖೆಯ ಘಟಕವೊಂದು 2021ರಲ್ಲಿ ನಡೆಸಿದ ಎಕ್ಸ್‌ವ್ಯೂ3 ಸ್ಪರ್ಧೆಯಲ್ಲಿ ಸುಮಾರು ಒಂದು ಸಾವಿರ ಸೆಂಟಿನೆಲ್-1 ಚಿತ್ರಗಳನ್ನು ಎಲ್ಲರಿಗೂ ಮುಕ್ತವಾಗಿ ಕೊಡಲಾಯಿತು.

ಯಾರದು ಎಂಬ ಪ್ರಶ್ನೆಗೆ ಈ ಗುಂಪು ಇನ್ನೊಂದು ಸಾಕ್ಷಿಯ ನೆರವು ಪಡೆಯುತ್ತದೆ: ಹಡಗುಗಳು ತಮ್ಮ ಹೆಸರು, ಜಾಗ, ವೇಗ ಹೇಳಿಕೊಳ್ಳುವ ಎಐಎಸ್ ಸಂಕೇತ. ರೇಡಾರಿನಲ್ಲಿ ಕಂಡು ಎಐಎಸ್‌ನಲ್ಲಿ ಕಾಣದ ಹಡಗು ಮೌನವಾಗಿ ಸಾಗುತ್ತಿದೆ ಎಂದರ್ಥ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೀಗೆ ಹೊಂದಿಸಿ ನೋಡಿ, 2017ರಲ್ಲಿ ಉತ್ತರ ಕೊರಿಯಾದ ನೀರಿನಲ್ಲಿ ಚೀನಾ ಮೂಲದ 900ಕ್ಕೂ ಹೆಚ್ಚು ಮೀನುಗಾರಿಕಾ ಹಡಗುಗಳಿದ್ದವೆಂದು ತೋರಿಸಿತು. 2024ರ ಜನವರಿಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಲೇಖನ ಇನ್ನೂ ದೊಡ್ಡ ಲೆಕ್ಕ ಕೊಟ್ಟಿತು. 2017ರಿಂದ 2021ರವರೆಗಿನ ಚಿತ್ರಗಳ ಪ್ರಕಾರ ಜಗತ್ತಿನ ಕೈಗಾರಿಕಾ ಮೀನುಗಾರಿಕಾ ಹಡಗುಗಳಲ್ಲಿ ಶೇ 72ರಿಂದ 76ರಷ್ಟು ಸಾರ್ವಜನಿಕ ಎಐಎಸ್ ನಕ್ಷೆಗಳಲ್ಲಿ ಇಲ್ಲವೇ ಇಲ್ಲ. ದಕ್ಷಿಣ ಏಷ್ಯಾ, ಆಗ್ನೇಯ ಏಷ್ಯಾ ಮತ್ತು ಆಫ್ರಿಕಾದ ಸುತ್ತಲಿನ ನೀರಿನಲ್ಲಿ ಇದು ಎದ್ದು ಕಾಣುತ್ತದೆ.

ಈ ಅಂಕಿಯನ್ನು ಓದುವಾಗ ಎಚ್ಚರ ಬೇಕು. ಎಐಎಸ್ ಇಲ್ಲದ ಹಡಗೆಲ್ಲ ಕಳ್ಳ ಹಡಗಲ್ಲ. ಎಐಎಸ್ ಕಡ್ಡಾಯವಲ್ಲದ ದೇಶಗಳಿವೆ, ಕೊಳ್ಳಲಾಗದ ದೋಣಿ ಮಾಲೀಕರಿದ್ದಾರೆ. ಬಡ ಮೀನುಗಾರನ ಮೌನವನ್ನೂ ಕಳ್ಳಸಾಗಣೆದಾರನ ಮೌನವನ್ನೂ ಒಂದೇ ಬಣ್ಣದ ಚುಕ್ಕೆಯಲ್ಲಿ ತೋರಿಸುವ ನಕ್ಷೆ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ.

ಪಶ್ಚಿಮ ಕರಾವಳಿಯ ಅನುಭವ

ಭಾರತಕ್ಕೆ ಈ ಪ್ರಶ್ನೆ ಮನೆಬಾಗಿಲಿಗೆ ಬಂದದ್ದು 2008ರ ನವೆಂಬರ್ 26ರಂದು. ಮುಂಬೈ ದಾಳಿಕೋರರು ಬಂದದ್ದು 'ಕುಬೇರ್' ಎಂಬ ಅಪಹೃತ ಮೀನುಗಾರಿಕಾ ದೋಣಿಯಲ್ಲಿ, ಸಾವಿರಾರು ದೋಣಿಗಳ ನಡುವೆ ಮತ್ತೊಂದು ದೋಣಿಯಾಗಿ. ಅದಾದ ಐದು ತಿಂಗಳಿಗೆ, 2009ರ ಏಪ್ರಿಲ್‌ನಲ್ಲಿ, ಇಸ್ರೊ ಎಕ್ಸ್ ಬ್ಯಾಂಡ್ ರೇಡಾರಿನ ರಿಸ್ಯಾಟ್-2 ಹಾರಿಸಿತು. 2012ರಲ್ಲಿ ಸ್ವದೇಶಿ ರಿಸ್ಯಾಟ್-1, 2022ರಲ್ಲಿ ಇಒಎಸ್-04, 2025ರ ಜುಲೈ 30ರಂದು ನಾಸಾ ಜೊತೆಗಿನ ನೈಸಾರ್ ಬಂದವು. ಇಪ್ಪತ್ತು ಮೀಟರಿಗಿಂತ ಉದ್ದದ ಮೀನುಗಾರಿಕಾ ದೋಣಿಗಳಿಗೆ ಎಐಎಸ್ ಕಡ್ಡಾಯವಾಯಿತು, ಕರಾವಳಿಯುದ್ದಕ್ಕೂ ರೇಡಾರ್ ಗೋಪುರಗಳ ಸರಪಳಿ ಎದ್ದಿತು. ನೌಕಾಪಡೆಯ ಗಸ್ತು ವಿಮಾನ ಪಿ-8ಐಗೆ ಐಎಸ್‌ಎಆರ್ ಕಣ್ಣಿದೆ. ಬೆಂಗಳೂರಿನ ಎಲ್‌ಆರ್‌ಡಿಇ ಪ್ರಯೋಗಾಲಯವೂ ಇಂಥ ಸಮುದ್ರ ಕಾವಲು ರೇಡಾರುಗಳ ಮೇಲೆ ದುಡಿದಿದೆ.

ಆದರೂ 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಆಳಸಮುದ್ರ ಮೀನುಗಾರಿಕೆಗೆ ಹೊರಟ 'ಸುವರ್ಣ ತ್ರಿಭುಜ' ಏಳು ಮಂದಿಯೊಂದಿಗೆ ಕಣ್ಮರೆಯಾದಾಗ ತಿಂಗಳುಗಟ್ಟಲೆ ಅದರ ಸುಳಿವು ಸಿಗಲಿಲ್ಲ. ಮರುವರ್ಷ ಮೇ ತಿಂಗಳಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಮಹಾರಾಷ್ಟ್ರದ ಮಾಲ್ವಣ್ ಆಚೆ ಕಡಲ ತಳದಲ್ಲಿ ಅವಶೇಷ ಗುರುತಿಸಿತು. ಉಪಗ್ರಹ ರೇಡಾರ್ ನೀರಿನೊಳಗೆ ನೋಡದು. ನೀರಿನ ಮೇಲಿದ್ದಾಗಲೂ, ಒಂದು ಜಾಗದ ಮೇಲೆ ಕ್ಷಣಕಾಲ ಹಾದು, ಮತ್ತೆ ಬರಲು ದಿನಗಟ್ಟಲೆ ತೆಗೆದುಕೊಳ್ಳುತ್ತದೆ. ನೈಸಾರ್ ಮರಳುವುದು 12 ದಿನಕ್ಕೊಮ್ಮೆ. ಆಕಾಶದಲ್ಲಿ ಕಣ್ಣಿದೆ ಎಂಬ ಭರವಸೆಗೂ ದಡದಲ್ಲಿ ಕಾದು ನಿಂತ ಕುಟುಂಬಕ್ಕೂ ನಡುವಿನ ಅಂತರ ಅದು.

ಬಿಡಿಸದ ಗಂಟುಗಳು

ಮರುಭೇಟಿಯ ಅಂತರವನ್ನು ಚಿಕ್ಕ ಉಪಗ್ರಹಗಳ ಹಿಂಡು ತುಂಬಬಹುದೆಂಬ ವಾದ ಬಲವಾಗಿದೆ. ಫಿನ್ಲೆಂಡಿನ ಐಸೈ ಕಂಪನಿಯ ಮೊದಲ ಪುಟ್ಟ ರೇಡಾರ್ ಉಪಗ್ರಹ 2018ರ ಜನವರಿಯಲ್ಲಿ ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ ಏರಿಯೇ ಹೋಯಿತು. ಆದರೆ ಹಣ ಕೊಟ್ಟವರಿಗಷ್ಟೇ ಸಿಗುವ ಚಿತ್ರ ಸಮುದ್ರದಲ್ಲಿ ಕಳೆದುಹೋದ ಬಡವನ ಹುಡುಕಾಟಕ್ಕೆ ಒದಗುವುದೇ? ಇದಕ್ಕೆ ಎಂಜಿನಿಯರಿಂಗ್‌ನಲ್ಲಿ ಉತ್ತರವಿಲ್ಲ.

ಓಲಾಡುವ ಹಡಗಿನ ತಿರುಗುವ ಅಕ್ಷವನ್ನು ಒಂದೇ ರೇಡಾರಿನಿಂದ ನಂಬಿಕಸ್ತವಾಗಿ ಅಳೆಯುವುದು ಹೇಗೆ ಎಂಬುದು ತೀರ್ಮಾನವಾಗಿಲ್ಲ. ಯುರೋಪು ಮತ್ತು ಪಶ್ಚಿಮ ಆಫ್ರಿಕಾದ ನೀರಿನಲ್ಲಿ ಕಲಿತ ಯಂತ್ರ ಮುಂಗಾರಿನ ಅರಬ್ಬಿ ಸಮುದ್ರದಲ್ಲಿ ಎಷ್ಟು ಸರಿಯಾಗಿ ನೋಡುತ್ತದೆ ಎಂಬುದೂ ಇತ್ಯರ್ಥವಾಗಿಲ್ಲ.

ಎಲ್ಲಕ್ಕಿಂತ ಗಟ್ಟಿ ಗಂಟು ಚಿಕ್ಕ ದೋಣಿ. ಉಕ್ಕಿನ ಹಡಗು ಮೂಲೆ ಮೂಲೆಗಳಿಂದ ಕಿರಣವನ್ನು ವಾಪಸ್ ಎಸೆಯುತ್ತದೆ. ಫೈಬರ್ ನಾಡದೋಣಿಯ ಮೈಯನ್ನು ಕಿರಣ ಬಹುಪಾಲು ಹಾದುಹೋಗುತ್ತದೆ, ಹೊಳೆಯಲು ಔಟ್‌ಬೋರ್ಡ್ ಎಂಜಿನ್ ಒಂದೇ ಗತಿ. ಅದೂ ಅಲೆಯ ತಗ್ಗಿನಲ್ಲಿ ಮರೆಯಾಗುತ್ತದೆ. ಮೂರು ಲೋಹದ ತಗಡುಗಳನ್ನು ಒಂದಕ್ಕೊಂದು ಲಂಬವಾಗಿ ಜೋಡಿಸಿದ ರೇಡಾರ್ ಪ್ರತಿಫಲಕ ಬಂದ ಕಿರಣವನ್ನು ಬಂದ ದಿಕ್ಕಿಗೇ ತಿರುಗಿಸುತ್ತದೆ. ಅದಕ್ಕೆ ಬ್ಯಾಟರಿ ಬೇಡ, ಚಂದಾ ಬೇಡ. ಮಲ್ಪೆ, ಮಂಗಳೂರು, ಕಾರವಾರದ ದಕ್ಕೆಗಳಿಂದ ಹೊರಡುವ ಸಣ್ಣ ದೋಣಿಗಳಿಗೆ ಇದನ್ನು ಕಟ್ಟಿಸಿ, ಇಒಎಸ್-04 ಹಾದುಹೋಗುವ ಹೊತ್ತಿಗೆ ಯಾವ ದೋಣಿ ಎಲ್ಲಿತ್ತೆಂದು ಬರೆದಿಟ್ಟು, ಕಂಡದ್ದನ್ನೂ ಕಾಣದ್ದನ್ನೂ ಮೀನುಗಾರರ ಸಂಘಗಳ ಮುಂದೆ ಇಡಬೇಕು. ಮೀನುಗಾರಿಕೆ ಇಲಾಖೆ ಮತ್ತು ಇಸ್ರೊ ಒಟ್ಟಿಗೆ ಕೂತರೆ ಒಂದೇ ಹಂಗಾಮಿನಲ್ಲಿ ಆಗುವ ಕೆಲಸ ಇದು. ಮುಂಗಾರಿನ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿಯುವ ಆಗಸ್ಟಿನೊಳಗೆ ಶುರುವಾಗಲಿ.